ಲ್ಯಾಟಿನ್‌ಗೆ ಯಾವ ಮೇಷ್ಟ್ರು? ಪಾಠ ಕೇಳಿ ನೋಡಿದ ಮೇಲೆ ಬರೆದ ಹೋಲಿಕೆ

ಲ್ಯಾಟಿನ್ ಕಲಿಯಲು ಹೊರಟವರಿಗೆ ಪುಸ್ತಕಕ್ಕೆ ಬರ ಇಲ್ಲ. ಬರ ಇರುವುದು ಎದುರಿಗೆ ಕೂತು ತಿದ್ದುವವರಿಗೆ. ಈ ಭಾಷೆಯನ್ನು ಮನೆಮಾತಾಗಿ ಆಡುವ ಜನ ಇವತ್ತು ಇಲ್ಲ. ಕಲಿಸುವವರೆಲ್ಲ ಎಲ್ಲೋ ಪಾಠ ಹೇಳಿಸಿಕೊಂಡು ಬಂದವರೇ. ತಾವು ಹೇಗೆ ಕಲಿತರೋ ಹಾಗೇ ಕಲಿಸುತ್ತಾರೆ. ಹಾಗಾಗಿ ಇಬ್ಬರು ಲ್ಯಾಟಿನ್ ಮೇಷ್ಟ್ರ ನಡುವೆ ಇರುವ ಅಂತರ ತುಂಬಾ ದೊಡ್ಡದು. ಉಚ್ಚಾರಣೆ ಬೇರೆ, ಪುಸ್ತಕ ಬೇರೆ, ಪಾಠದ ಹೊತ್ತಿನಲ್ಲಿ ಮಾಡಿಸುವ ಕೆಲಸವೂ ಬೇರೆ.

ನನ್ನ ಆಸೆ ಇಷ್ಟೇ: ಸೀಸರ್, ಸಿಸೆರೋ, ವರ್ಜಿಲ್ ಅಂಥ ಪ್ರಾಚೀನ ರೋಮನ್ ಲೇಖಕರನ್ನು ಅನುವಾದದ ಹಂಗಿಲ್ಲದೆ ಓದಬೇಕು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಬೇಡ. ಬೇರೆ ಬೇರೆ ಬಗೆಯ ಮೇಷ್ಟ್ರ ಹತ್ತಿರ, ಅವರ ವಿಧಾನ ಚೆನ್ನಾಗಿ ಅರ್ಥ ಆಗುವಷ್ಟು ದಿನ, ವಿಡಿಯೊ ಕಾಲ್‌ನಲ್ಲಿ ಪಾಠ ಹೇಳಿಸಿಕೊಂಡೆ. ಎಲ್ಲರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ. ಒಂದು ಗಂಟೆಯಲ್ಲಿ ನನ್ನ ಕಣ್ಣು, ಕಿವಿ, ಬಾಯಿಗೆ ಎಷ್ಟು ಲ್ಯಾಟಿನ್ ಬಿತ್ತು? ಅವರ ಡಿಗ್ರಿ ಯಾವುದು ಅನ್ನುವುದಕ್ಕಿಂತ ಇದು ಮುಖ್ಯ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಸುಲಭವಾಗಿ ಸಿಗುವವರು ವ್ಯಾಕರಣದ ಮೇಷ್ಟ್ರು. ಶಾಲೆ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರೊಬ್ಬರು ನನಗೆ ಸಿಕ್ಕರು. ಅವರ ಪುಸ್ತಕ ಫ್ರೆಡೆರಿಕ್ ವೀಲಾಕ್ ಅವರದ್ದು. ಅದು ಮೊದಲು ಬಂದಿದ್ದು 1956ರಲ್ಲಿ, 40 ಅಧ್ಯಾಯ, ಇಂಗ್ಲಿಷ್‌ನಲ್ಲಿ ವಿವರಣೆ. ನಾಮಪದದ 5 ಗುಂಪು, ಕ್ರಿಯಾಪದದ 4 ಗುಂಪು, ಒಂದೊಂದಕ್ಕೂ ಕೋಷ್ಟಕ. ವಾರಕ್ಕೊಂದು ಕೋಷ್ಟಕ ಬಾಯಿಪಾಠ ಮಾಡಿ ಒಪ್ಪಿಸಬೇಕು. ಇದರಲ್ಲಿ ನನಗೇನೂ ಬೇಸರ ಇಲ್ಲ. ಉರು ಹೊಡೆದದ್ದು ಇವತ್ತಿಗೂ ಕೈಹಿಡಿಯುತ್ತಿದೆ. ಅವರ ಇನ್ನೊಂದು ಗುಣ, ಒಂದು ಪ್ರತ್ಯಯ ತಪ್ಪಿದರೂ ಬಿಡುತ್ತಿರಲಿಲ್ಲ. 'ಪುಎಲ್ಲ ಪೊಏತಮ್ ಅಮತ್' ಅಂದರೆ ಹುಡುಗಿ ಕವಿಯನ್ನು ಪ್ರೀತಿಸುತ್ತಾಳೆ. 'ಪುಎಲ್ಲಮ್ ಪೊಏತ ಅಮತ್' ಅಂದರೆ ಕವಿ ಹುಡುಗಿಯನ್ನು ಪ್ರೀತಿಸುತ್ತಾನೆ. ಒಂದು 'ಮ್' ಇಲ್ಲಿಂದ ಅಲ್ಲಿಗೆ ಹೋದರೆ ಕಥೆಯೇ ತಿರುಗುತ್ತದೆ. ಅಂಥ ಕಡೆ ಅವರು ನಿಲ್ಲಿಸಿ, ಯಾಕೆ ಅಂತ ನನ್ನ ಬಾಯಲ್ಲೇ ಹೇಳಿಸುತ್ತಿದ್ದರು.

ತೊಂದರೆ ಶುರುವಾಗಿದ್ದು ಓದುವಾಗ. ಸ್ಕ್ರೀನ್ ಮೇಲೆ ಒಂದು ವಾಕ್ಯ ಹಾಕುತ್ತಾರೆ. ಮೊದಲು ಕ್ರಿಯಾಪದ ಹುಡುಕಿ ಕೆಂಪು ಗೆರೆ ಎಳೆಯಬೇಕು. ಆಮೇಲೆ ಕರ್ತೃ ಹುಡುಕಿ ನೀಲಿ ಗೆರೆ. ಆಮೇಲೆ ಕರ್ಮ. ಕೊನೆಗೆ ಎಲ್ಲವನ್ನೂ ಇಂಗ್ಲಿಷ್ ಕ್ರಮಕ್ಕೆ ಜೋಡಿಸಿ ಬರೆಯಬೇಕು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಬೇಕೇನೋ. ಕನ್ನಡದವರಿಗೆ ಯಾಕೆ? ಲ್ಯಾಟಿನ್ ಗದ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? ಕರ್ತೃವನ್ನು ಬಿಟ್ಟು ಬರೀ 'ಬರುತ್ತೇನೆ' ಅಂದರೂ ಯಾರು ಅಂತ ಗೊತ್ತಾಗುತ್ತದೆ. ಲ್ಯಾಟಿನ್‌ನಲ್ಲೂ 'ವೆನಿಓ' ಒಂದೇ ಸಾಕು. ಎಡದಿಂದ ಬಲಕ್ಕೆ ಓದುತ್ತಾ ಕ್ರಿಯಾಪದಕ್ಕೆ ಕಾಯುವ ತಾಳ್ಮೆ ನಮಗೆ ಹುಟ್ಟಿನಿಂದ ಬಂದಿದೆ. ಅದನ್ನು ಮುರಿದು, ವಾಕ್ಯದ ಕೊನೆಗೆ ಹಾರಿ ಮತ್ತೆ ಹಿಂದೆ ಬರುವ ಅಭ್ಯಾಸ ಮಾಡಿಸುವುದು ನಷ್ಟದ ಕೆಲಸ. ಗಂಟೆ ಮುಗಿಯುವ ಹೊತ್ತಿಗೆ ನಾವು ದಾಟಿದ್ದು ಬೆರಳೆಣಿಕೆಯ ವಾಕ್ಯ. ಲ್ಯಾಟಿನ್ ಬಗ್ಗೆ ಬೇಕಾದಷ್ಟು ಮಾತಾಗಿತ್ತು, ಲ್ಯಾಟಿನ್ ಮಾತ್ರ ಕಡಿಮೆ.

ಇದಕ್ಕೆ ಪೂರ್ತಿ ಎದುರು ದಿಕ್ಕಿನವರು, ಪಾಠವನ್ನೆಲ್ಲ ಲ್ಯಾಟಿನ್‌ನಲ್ಲೇ ಮಾಡುವವರು. ಇವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಡೆನ್ಮಾರ್ಕಿನ ಹಾನ್ಸ್ ಓರ್ಬೆರ್ಗ್ ಅವರ ಪುಸ್ತಕ. ಮೊದಲ ಭಾಗದಲ್ಲಿ 35 ಅಧ್ಯಾಯ, ಒಂದು ರೋಮನ್ ಕುಟುಂಬದ ಕಥೆ, ಮೊದಲ ಪುಟದಿಂದಲೇ ಬರೀ ಲ್ಯಾಟಿನ್. ಹೊಸ ಪದದ ಅರ್ಥ ಚಿತ್ರದಿಂದ, ಸಂದರ್ಭದಿಂದ ಗೊತ್ತಾಗಬೇಕು. ನನಗೆ ಸಿಕ್ಕಿದ ಮೇಡಂ ಮೊದಲ ದಿನ ನಮಸ್ಕಾರ ಹೇಳಿ ನೇರವಾಗಿ ಒಂದು ಪುಸ್ತಕ ಎತ್ತಿ ತೋರಿಸಿದರು. "ಕ್ವಿದ್ ಎಸ್ತ್ ಹೊಕ್?" ನಾನು ಸುಮ್ನೆ ನೋಡುತ್ತಿದ್ದೆ. ಅವರೇ ಉತ್ತರ ಕೊಟ್ಟರು: "ಲಿಬೆರ್ ಎಸ್ತ್." ಪುಸ್ತಕವನ್ನು ಮೇಜಿನ ಮೇಲಿಟ್ಟರು. "ಉಬಿ ಎಸ್ತ್ ಲಿಬೆರ್?" ನಾನು ಅವರ ಕೈ ನೋಡಿ "ಇನ್ ಮೇನ್ಸ" ಅಂದೆ. ಅವರು ತಲೆಯಾಡಿಸಿ, ಕೊನೆಯ ಅಕ್ಷರ ಎಳೆದರು: "ಇನ್ ಮೇನ್ಸಾ." 'ಮೇನ್ಸ' ಅಂದರೆ ಮೇಜು, 'ಇನ್ ಮೇನ್ಸಾ' ಅಂದರೆ ಮೇಜಿನ ಮೇಲೆ. ವಿಭಕ್ತಿ ಬದಲಾಗಿದ್ದು ಬರೀ ದೀರ್ಘದಿಂದ. ಕೋಷ್ಟಕದಲ್ಲಿ ಈ ವ್ಯತ್ಯಾಸ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಗೆರೆ, ಕಣ್ಣು ಜಾರಿ ಹೋಗುತ್ತದೆ. ಇಲ್ಲಿ ಅದು ಕಿವಿಗೆ ಬಿತ್ತು, ನೆಟ್ಟಗೆ ನಿಂತಿತು.

ಕನ್ನಡದವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅಂತ ನಮ್ಮ ಕಿವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲ್ಯಾಟಿನ್‌ನಲ್ಲಿ 'ಒಸ್' ಅಂದರೆ ಮೂಳೆ, 'ಓಸ್' ಅಂದರೆ ಬಾಯಿ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದ. ಇದನ್ನು ಹಿಡಿಯಲು ಇಂಗ್ಲಿಷ್ ಮಾತಾಡುವವರು ಒದ್ದಾಡುತ್ತಾರೆ. ನಾವು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸಾಕು, ಕೆಲಸ ಆಯಿತು. ಆದರೆ ಮೇಷ್ಟ್ರ ಬಾಯಲ್ಲಿ ಆ ಹ್ರಸ್ವ ದೀರ್ಘ ಇರಬೇಕು. ಇಲ್ಲದಿದ್ದರೆ ನಮ್ಮ ಈ ಆಸ್ತಿ ವ್ಯರ್ಥ.

ಈ ಮೇಡಂ ಹತ್ತಿರ ಒಂದು ಗಂಟೆಯಲ್ಲಿ ಪುಟಗಟ್ಟಲೆ ಲ್ಯಾಟಿನ್ ಓದಿ, ಕೇಳಿ, ಆಡಿದೆ. ಮನಸ್ಸಿನಲ್ಲಿ ಅನುವಾದ ಮಾಡಿಕೊಳ್ಳುವುದು ತಾನಾಗಿ ಕಡಿಮೆಯಾಯಿತು. ಕೊರತೆಗಳೂ ಇವೆ, ಮುಚ್ಚಿಡಬಾರದು. ಮಾತಿನ ಓಟ ನಿಲ್ಲಬಾರದು ಅಂತ ಎಷ್ಟೋ ಸಣ್ಣ ತಪ್ಪುಗಳನ್ನು ಬಿಟ್ಟುಬಿಡುತ್ತಾರೆ. ಊಟ, ಹವಾಮಾನ, ಮನೆಮಂದಿ ಅಂತ ಮಾತು ಸಲೀಸಾಗಿ ಸಾಗುವಾಗ ಎಲ್ಲ ಬಂದುಬಿಟ್ಟಿತು ಅನ್ನಿಸುತ್ತದೆ. ಸಿಸೆರೋನ ಒಂದು ವಾಕ್ಯ, ಅರ್ಧ ಪುಟ ಉದ್ದದ್ದು, ಮುಂದಿಟ್ಟರೆ ಆಗ ಗೊತ್ತಾಗುತ್ತದೆ ದಾರಿ ಇನ್ನೂ ಎಷ್ಟಿದೆ ಅಂತ.

ಲ್ಯಾಟಿನ್ ಮಾತಾಡುತ್ತೇವೆ ಅನ್ನುವವರೆಲ್ಲರ ಲ್ಯಾಟಿನ್ ಒಂದೇ ಮಟ್ಟದ್ದಲ್ಲ. ಕೆಲವರದ್ದು ತಮ್ಮ ಭಾಷೆಯ ವಾಕ್ಯಕ್ಕೆ ಲ್ಯಾಟಿನ್ ಪದ ತೊಡಿಸಿದ ಹಾಗಿರುತ್ತದೆ. ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. 'ಅವನು ಬರುತ್ತಾನೆ ಅಂತ ಹೇಳುತ್ತೇನೆ' ಅನ್ನುವುದನ್ನು ಲ್ಯಾಟಿನ್‌ನಲ್ಲಿ ಹೇಳಿಸಿ. ಸಿಸೆರೋನ ಕಾಲದ ರೀತಿ 'ಎಉಮ್ ವೆನೀರೆ ದೀಕೋ'. ಅಂದರೆ 'ಅವನು' ದ್ವಿತೀಯಾ ವಿಭಕ್ತಿಯಲ್ಲಿ, 'ಬರುವುದು' ಮೂಲ ರೂಪದಲ್ಲಿ. 'ದೀಕೋ ಕ್ವೊದ್ ವೆನಿತ್' ಅನ್ನುವುದು ಮುಂದಿನ ಕಾಲದ, ಚರ್ಚಿನ, ಮಧ್ಯಯುಗದ ಬಳಕೆ. ಎರಡನೆಯದೂ ಲ್ಯಾಟಿನ್ನೇ. ಆದರೆ ಅಭಿಜಾತ ಲೇಖಕರನ್ನು ಓದಲು ಹೊರಟವರಿಗೆ ಮೊದಲನೆಯದು ಬಾಯಿಗೆ ತಾನಾಗಿ ಬರುವ ಮೇಷ್ಟ್ರು ಬೇಕು.

ಚರ್ಚಿನ ಲ್ಯಾಟಿನ್ ಅಂದೆನಲ್ಲ, ಅದರ ಮೇಷ್ಟ್ರೂ ಬೇರೆಯೇ ಬಗೆ. ಸೆಮಿನರಿಯಲ್ಲಿ ಕಲಿಸುತ್ತಿದ್ದ ಪಾದ್ರಿಯೊಬ್ಬರು ಪ್ರೀತಿಯಿಂದ ಪಾಠ ಹೇಳಿದರು. ಅವರಿಗೆ ಲ್ಯಾಟಿನ್ ದಿನನಿತ್ಯದ ಪ್ರಾರ್ಥನೆಯ ಭಾಷೆ. 2013ರ ಫೆಬ್ರವರಿಯಲ್ಲಿ ಪೋಪ್ 16ನೇ ಬೆನೆಡಿಕ್ಟ್ ತಮ್ಮ ರಾಜೀನಾಮೆ ಹೇಳಿದ್ದು ಲ್ಯಾಟಿನ್‌ನಲ್ಲಿ. ಅದನ್ನು ಕೇಳುತ್ತಿದ್ದ ಪತ್ರಕರ್ತರಲ್ಲಿ ಲ್ಯಾಟಿನ್ ಬಲ್ಲ ಒಬ್ಬ ಇಟಾಲಿಯನ್ ವರದಿಗಾರ್ತಿ ಆ ಸುದ್ದಿಯನ್ನು ಮೊದಲು ಹೊರಹಾಕಿದರು. ಆ ಪರಂಪರೆ ಜೀವಂತವಾಗಿದೆ. ಸ್ತೋತ್ರ ಹಾಡುವವರು, ಮಧ್ಯಯುಗದ ದಾಖಲೆ ಓದುವವರು ಇಂಥವರನ್ನೇ ಹುಡುಕಬೇಕು.

ಉಚ್ಚಾರಣೆ ಮಾತ್ರ ಇಟಾಲಿಯನ್ ದಾರಿಯದು. ನಾವು ಸಿಸೆರೋ ಅನ್ನುವ, ರೋಮನ್ನರು 'ಕಿಕೆರೋ' ಅನ್ನುತ್ತಿದ್ದ ಹೆಸರು ಇಲ್ಲಿ 'ಚಿಚೆರೋ'. ಆಕಾಶಕ್ಕೆ 'ಕೈಲುಮ್' ಹೋಗಿ 'ಚೇಲುಮ್'. ಅದಕ್ಕಿಂತ ಮುಖ್ಯವಾಗಿ, ಹ್ರಸ್ವ ದೀರ್ಘದ ಲೆಕ್ಕ ಇಲ್ಲಿ ಉಳಿದಿಲ್ಲ. ವರ್ಜಿಲ್‌ನನ್ನು ಓದಬೇಕು ಅನ್ನುವವರಿಗೆ ಇದು ದೊಡ್ಡ ಅಡ್ಡಿ. ಯಾಕೆಂದರೆ ಲ್ಯಾಟಿನ್ ಛಂದಸ್ಸು ನಿಂತಿರುವುದೇ ಗುರು ಲಘುವಿನ ಮೇಲೆ. ದೀರ್ಘ ಇದ್ದರೆ ಗುರು, ಮುಂದೆ ಎರಡು ವ್ಯಂಜನ ಕೂಡಿ ಬಂದರೂ ಗುರು, ಹೆಚ್ಚುಕಡಿಮೆ ನಮ್ಮ ನಿಯಮವೇ. ವರ್ಜಿಲ್‌ನ ಸಾಲಿನಲ್ಲಿ 6 ಗಣ. ಮೂಲ ಗಣ ಒಂದು ಗುರು ಎರಡು ಲಘು, ಅಂದರೆ ನಮ್ಮ ಭಗಣ. ಆ ಎರಡು ಲಘುವಿನ ಜಾಗದಲ್ಲಿ ಒಂದು ಗುರು ಬರಬಹುದು. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಇದು ಹೊಸದೇನಲ್ಲ. ಹ್ರಸ್ವ ದೀರ್ಘ ಕೈಬಿಟ್ಟ ಉಚ್ಚಾರಣೆಯಲ್ಲಿ ಈ ನಡೆ ಕೇಳಿಸುವುದೇ ಇಲ್ಲ.

ಇನ್ನು ಪಿಎಚ್‌ಡಿ ಮಾಡುತ್ತಿರುವವರು. ವಿಶ್ವವಿದ್ಯಾಲಯಗಳ ಕ್ಲಾಸಿಕ್ಸ್ (ಪ್ರಾಚೀನ ಗ್ರೀಕ್, ಲ್ಯಾಟಿನ್) ವಿಭಾಗಕ್ಕೆ ಒಂದು ಇಮೇಲ್ ಹಾಕಿ, ಪಾಠ ಹೇಳುವವರು ಯಾರಾದರೂ ಇದ್ದಾರಾ ಅಂತ ಕೇಳಿದರೆ ಇಂಥವರ ಸುಳಿವು ಸಿಗುತ್ತದೆ. ನನಗೆ ಸಿಕ್ಕಿದ ಹುಡುಗಿ ರೋಮನ್ ಇತಿಹಾಸಕಾರರ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಅವಳು ಬೇರೆ ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ?" ಒಮ್ಮೆ 'ಉರ್ಬೆ ಕಪ್ತಾ' ಅನ್ನುವ ಪ್ರಯೋಗ ಬಂತು. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಇಡೀ ಅಧ್ಯಾಯ ಇದೆ. ನಾನು 'ಊರು ವಶವಾದ ಮೇಲೆ' ಅಂತ ಕನ್ನಡದಲ್ಲಿ ಹೇಳಿ, ಪದಪದವಾಗಿ ಬಿಡಿಸಿ ತೋರಿಸಿದೆ. ಅವಳು ಖುಷಿಯಿಂದ, ಇನ್ನು ವಿವರಣೆ ಬೇಡ, ಮುಂದೆ ಓದಿ ಅಂದಳು. 'ಉರ್ಬೆ ಕಪ್ತಾ'ದ ಎರಡೂ ಪದ ಇರುವ ವಿಭಕ್ತಿಯದ್ದೂ (ಇಂಗ್ಲಿಷ್‌ನಲ್ಲಿ ಅಬ್ಲೇಟಿವ್ ಅನ್ನುತ್ತಾರೆ) ಹಾಗೇ. ಕತ್ತಿಯಿಂದ ಹೊಡೆದ, ಊರಿಂದ ಬಂದ: ನಮ್ಮಲ್ಲಿ ಎರಡಕ್ಕೂ ಒಂದೇ 'ಇಂದ'. ಲ್ಯಾಟಿನ್‌ನಲ್ಲೂ ಈ ಎರಡೂ ಕೆಲಸ ಒಂದೇ ವಿಭಕ್ತಿಯ ಪಾಲು. ಇದನ್ನು ಇಂಗ್ಲಿಷ್ ಮೂಲಕ ಕಲಿಯುವಾಗ ಹತ್ತಾರು ಹೆಸರು ಕೊಟ್ಟು ಒಡೆಯುತ್ತಾರೆ. ಕನ್ನಡದ ಮೂಲಕ ಹೋದರೆ ಅರ್ಧ ದಾರಿ ಸವೆದೇ ಇರುತ್ತದೆ.

ಆದರೆ ಶುರುವಿನಲ್ಲೇ ಇವರ ಹತ್ತಿರ ಹೋಗಬೇಡಿ. ಗೊತ್ತಿರುವುದು ಜಾಸ್ತಿ, ಆರಂಭದ ಪಾಠ ಕಟ್ಟುವ ಅನುಭವ ಕಡಿಮೆ. ಒಂದು ಪದ ಕೇಳಿದರೆ ಹಸ್ತಪ್ರತಿಗಳ ಪಾಠಾಂತರದವರೆಗೂ ಹೋಗುತ್ತಾರೆ. ಪ್ರಬಂಧ ಒಪ್ಪಿಸುವ ಕಾಲ ಬಂದರೆ ಪಾಠ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕೆಲಸ ಸಿಕ್ಕರೆ ನಿಂತೇ ಹೋಗುತ್ತದೆ.

ಟ್ಯೂಷನ್ ವೆಬ್‌ಸೈಟ್‌ಗಳಲ್ಲಿ ಶಾಲಾ ಪರೀಕ್ಷೆಗೆ ತಯಾರಿ ಮಾಡಿಸುವವರೂ ಸಿಗುತ್ತಾರೆ. ಪರೀಕ್ಷೆ ಇದ್ದವರಿಗೆ ಸರಿ. ಉಳಿದವರಿಗೆ ಬೇಡ, ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಐದಾರು ಜನರ ಗುಂಪು ತರಗತಿ ಖಾಸಗಿ ಪಾಠಕ್ಕಿಂತ ಅಗ್ಗ, ಆದರೆ ಬಾಯಿ ಬಿಡುವ ಸರದಿ ಬರುವುದೇ ಅಪರೂಪ.

ಈಗ ನನ್ನ ತೀರ್ಮಾನ. ಹೊಸದಾಗಿ ಶುರು ಮಾಡುವವರು ಲ್ಯಾಟಿನ್‌ನಲ್ಲೇ ಪಾಠ ಮಾಡುವವರ ಹತ್ತಿರ ಹೋಗಿ, ಓರ್ಬೆರ್ಗ್ ಪುಸ್ತಕದ ಮೊದಲ ಭಾಗ ಮುಗಿಸಿ. ಜೊತೆಗೆ ಆಗಾಗ ವ್ಯಾಕರಣದ ಮೇಷ್ಟ್ರ ಹತ್ತಿರ ಕೂತು, ನೀವೇ ಲ್ಯಾಟಿನ್‌ನಲ್ಲಿ ಒಂದು ಪ್ಯಾರಾ ಬರೆದು ತಿದ್ದಿಸಿಕೊಳ್ಳಿ. ಅವರ ಕಣ್ಣಿಗೆ ಬೀಳದ ತಪ್ಪಿಲ್ಲ. ಓದಿಸುವ ಕೆಲಸ ಮಾತ್ರ ಅವರಿಗೆ ಕೊಡಬೇಡಿ. ಸೀಸರ್ ಕೈಗೆ ಬಂದ ಮೇಲೆ ಪಿಎಚ್‌ಡಿಯವರನ್ನು ಹುಡುಕಿ. ನಾನು ಈಗ ಇರುವುದು ಅಲ್ಲೇ. ಒಬ್ಬರಿಗೇ ದುಡ್ಡು ಕೊಡಲು ಸಾಧ್ಯ ಅಂದರೆ ನನ್ನ ಆಯ್ಕೆ ಲ್ಯಾಟಿನ್ ಮಾತಾಡುವ ಮೇಡಂ, ಯೋಚನೆ ಮಾಡುವಂಥದ್ದೇ ಇಲ್ಲ. ಬಿಡಬೇಡಿ, ನಿಲ್ಲಿಸಿ ತಿದ್ದಿ ಅಂತ ಅವರಿಗೆ ಮೊದಲೇ ಹೇಳಿಡಬೇಕು, ಅಷ್ಟೇ.

ಯಾರನ್ನೇ ಆಗಲಿ, ದುಡ್ಡು ಕಟ್ಟುವ ಮೊದಲು ಒಂದು ಪಾಠ ಕೇಳಿ. ಎಲ್ಲಿಂದಲಾದರೂ ನಾಲ್ಕು ಸಾಲು ಲ್ಯಾಟಿನ್ ಕೊಟ್ಟು, ತಯಾರಿ ಇಲ್ಲದೆ ಗಟ್ಟಿಯಾಗಿ ಓದಲು ಹೇಳಿ. ದೀರ್ಘ ಎಳೆಯುತ್ತಾರಾ? ಅರ್ಥ ಮುಗಿಯುವ ಕಡೆ ಉಸಿರು ನಿಲ್ಲಿಸುತ್ತಾರಾ, ಅಥವಾ ಪದಪದಕ್ಕೂ ತಡವರಿಸುತ್ತಾರಾ? ಅರ್ಥ ಕೇಳಿದಾಗ ವಾಕ್ಯವನ್ನು ಬಂದ ಕ್ರಮದಲ್ಲೇ ಬಿಡಿಸುತ್ತಾರಾ, ಕೊನೆಗೆ ಹಾರುತ್ತಾರಾ? ಯಾವ ಪುಸ್ತಕ, ಯಾವ ಉಚ್ಚಾರಣೆ, ಒಂದು ಪಾಠದಲ್ಲಿ ನಾನು ಎಷ್ಟು ಹೊತ್ತು ಓದುತ್ತೇನೆ, ಬರೆದದ್ದನ್ನು ತಿದ್ದಿ ಕೊಡುತ್ತೀರಾ ಅನ್ನುವುದನ್ನು ಮೊದಲ ಮೆಸೇಜ್‌ನಲ್ಲೇ ಕೇಳಿಬಿಡಿ. ಇದಕ್ಕೆ ನೇರ ಉತ್ತರ ಕೊಡದೆ ಬರೀ ತಮ್ಮ ಡಿಗ್ರಿಗಳ ಪಟ್ಟಿ ಕಳಿಸುವವರನ್ನು ಬಿಟ್ಟು ಮುಂದೆ ಹುಡುಕಿ.