ಡಿ ಪ್ರೈಮೋ, ಆರ್ ಸ್ಕ್ವೇರೋ: ಎರಡನ್ನೂ ಬಳಸಿ ನೋಡಿದ ಮೇಲೆ

ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇರುವ ಎರಡು ಮಾರ್ಕರ್‌ಗಳು (ಜನರಿಂದ ಜನರಿಗೆ ರೂಪ ಬದಲಾಗುವ ಡಿಎನ್‌ಎ ಜಾಗಗಳು) ತಲೆಮಾರುಗಳಿಂದ ಜೊತೆಯಾಗೇ ಬಂದಿವೆಯಾ? ಇದನ್ನು ಅಳೆಯೋಕೆ ಎರಡು ಅಳತೆಗಳು ಜಾಸ್ತಿ ಬಳಕೆಯಲ್ಲಿವೆ. ಡಿ ಪ್ರೈಮ್ ಅನ್ನು 1964ರಲ್ಲಿ ಲೆವಾಂಟಿನ್ ಕೊಟ್ಟರು. ಆರ್ ಸ್ಕ್ವೇರ್ ಅನ್ನು 1968ರಲ್ಲಿ ಹಿಲ್ ಮತ್ತು ರಾಬರ್ಟ್‌ಸನ್ ಕೊಟ್ಟರು. ಎರಡನ್ನೂ 0ಯಿಂದ 1ರ ನಡುವೆ ಓದುತ್ತೇವೆ: 0 ಅಂದರೆ ನಂಟಿಲ್ಲ, 1 ಅಂದರೆ ಗಟ್ಟಿ ನಂಟು. ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ಅಂತ ಮೊದಮೊದಲು ಅಂದುಕೊಂಡಿದ್ದೆ.

ಬೇರೆಬೇರೆ ಜನಸಮುದಾಯಗಳ ಡಿಎನ್‌ಎ ಓದಿದ 1000 ಜೀನೋಮ್ಸ್ ಯೋಜನೆಯಲ್ಲಿ ಹ್ಯೂಸ್ಟನ್‌ನ 103 ಗುಜರಾತಿಗಳ ಡೇಟಾ ಇದೆ. ಅದರಲ್ಲಿ ಎರಡನೇ ಕ್ರೋಮೋಸೋಮಿನ ಒಂದು ಭಾಗ ತೆಗೆದುಕೊಂಡೆ, ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಜೀನಿನ ಸುತ್ತಮುತ್ತ. ಡಿ ಪ್ರೈಮ್ ಚಿತ್ರದಲ್ಲಿ ಎಲ್ಲಿ ನೋಡಿದರೂ ಗಾಢ ಕೆಂಪು, ಅಂದರೆ ಗಟ್ಟಿ ನಂಟು. ಅದೇ ಜಾಗದ ಆರ್ ಸ್ಕ್ವೇರ್ ಚಿತ್ರ ಬಹುಪಾಲು ತೆಳು ಬಣ್ಣ. ಯಾವುದನ್ನು ನಂಬೋದು?

ಕೊನೆಗೆ ಹಾಳೆ ತೆಗೆದು ಸಣ್ಣ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ. 100 ಕ್ರೋಮೋಸೋಮ್‌ಗಳಿವೆ ಅಂದುಕೊಳ್ಳಿ. ಮೊದಲ ಮಾರ್ಕರಿನ 'ಎ' ರೂಪ 50ರಲ್ಲಿದೆ. ಎರಡನೆಯದರ 'ಬಿ' ರೂಪ ಅಪರೂಪ, 5ರಲ್ಲಿ ಮಾತ್ರ. ಆ ಐದೂ 'ಎ' ಜೊತೆಗೇ ಕೂತಿವೆ. ಡಿ ಪ್ರೈಮ್ ಪೂರ್ತಿ 1! ಆರ್ ಸ್ಕ್ವೇರ್ ಬರೀ 0.05. ಈಗ ಆ ಐದರಲ್ಲಿ ಒಂದು 'ಬಿ'ಯನ್ನು ಮಾತ್ರ 'ಎ' ಇಲ್ಲದ ಕ್ರೋಮೋಸೋಮಿಗೆ ಸರಿಸಿ. ಡಿ ಪ್ರೈಮ್ 0.6ಕ್ಕೆ ಬಿತ್ತು. ಆರ್ ಸ್ಕ್ವೇರ್ ಸುಮಾರು 0.02. ನೂರರಲ್ಲಿ ಒಂದೇ ಒಂದು ಬದಲಾಗಿದ್ದಕ್ಕೆ ಡಿ ಪ್ರೈಮ್ ಇಷ್ಟು ಅಲುಗಾಡಿತು.

ಕಾರಣ ಸರಳ. ಎರಡು ಮಾರ್ಕರ್‌ಗಳಿಂದ ನಾಲ್ಕು ಜೋಡಿಗಳು ಸಾಧ್ಯ. ಅದರಲ್ಲಿ ಒಂದು ಕಾಣದಿದ್ದರೂ ಸಾಕು, ಡಿ ಪ್ರೈಮ್ 1 ಆಗುತ್ತದೆ. ಮಾದರಿ ಚಿಕ್ಕದಾದರೆ ಅಪರೂಪದ ಜೋಡಿ ಸುಮ್ನೆ ತಪ್ಪಿಹೋಗಿರಬಹುದು, ಅಲ್ವಾ? ಆರ್ ಸ್ಕ್ವೇರ್ 1 ಆಗಬೇಕಾದರೆ ಎರಡೇ ಜೋಡಿ ಉಳಿದಿರಬೇಕು.

ಹಾಗಂತ ಡಿ ಪ್ರೈಮ್ ಬಿಟ್ಟುಬಿಡಿ ಅಂತ ನಾನು ಹೇಳೋದಿಲ್ಲ. ಹೊಸ ಮ್ಯುಟೇಶನ್ (ಡಿಎನ್‌ಎ ಬದಲಾವಣೆ) ಒಂದು ಕ್ರೋಮೋಸೋಮಿನಲ್ಲಿ ಹುಟ್ಟಿದಾಗ ಪಕ್ಕದ ಮಾರ್ಕರ್ ಜೊತೆ ಮೂರೇ ಜೋಡಿ ಇರುತ್ತವೆ. ನಾಲ್ಕನೆಯದು ಸಾಮಾನ್ಯವಾಗಿ ರೀಕಾಂಬಿನೇಶನ್ (ಜೋಡಿ ಕ್ರೋಮೋಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳೋದು) ಆದಾಗಲೇ ಬರೋದು. ಈ ಇತಿಹಾಸ ಡಿ ಪ್ರೈಮ್‌ನಲ್ಲಿ ಕಾಣುತ್ತದೆ. ಆರ್ ಸ್ಕ್ವೇರ್ ಕಡಿಮೆ ಬಂದರೆ ಅದು ರೀಕಾಂಬಿನೇಶನ್‌ನಿಂದಲೋ, ಎರಡು ಮಾರ್ಕರ್‌ಗಳ ಪ್ರಮಾಣ ಬೇರೆಬೇರೆ ಇದ್ದದ್ದರಿಂದಲೋ ಗೊತ್ತಾಗೋದಿಲ್ಲ.

ಆದರೂ ಮಾರ್ಕರ್ ಆರಿಸುವ ಕೆಲಸಕ್ಕೆ ನನ್ನ ಮತ ಆರ್ ಸ್ಕ್ವೇರ್‌ಗೇ. ಕಾಯಿಲೆಯ ಅಸಲಿ ಜಾಗದ ಬದಲು ಪಕ್ಕದ ಮಾರ್ಕರ್ ಅಳೆದರೆ, ಬೇಕಾಗುವ ಜನರ ಸಂಖ್ಯೆ ಸುಮಾರು ಆರ್ ಸ್ಕ್ವೇರ್‌ನಿಂದ ಭಾಗಿಸಿದಷ್ಟು ಹೆಚ್ಚುತ್ತದೆ. ಮೇಲಿನ 0.05 ಅಂದರೆ 20 ಪಟ್ಟು. 500 ಜನ ಸಾಕಿದ್ದ ಕಡೆ 10,000 ಜನರ ರಕ್ತ ಬೇಕು. ಡಿ ಪ್ರೈಮ್ 1 ಇದೆ ಅಂತ ಆ ಮಾರ್ಕರ್ ಆರಿಸಿದ್ದರೆ ಎಷ್ಟು ಜನರ ಶ್ರಮ ನೀರುಪಾಲಾಗುತ್ತಿತ್ತು!

ಈಗ ಪ್ಲಿಂಕ್ ಅನ್ನೋ ಜೀನ್ ಡೇಟಾ ಸಾಫ್ಟ್‌ವೇರ್‌ನಲ್ಲಿ, ಒಂದರ ಜೊತೆ ಒಂದು ಹೆಚ್ಚು ನಂಟಿರುವ ಮಾರ್ಕರ್‌ಗಳನ್ನು ಸೋಸುವಾಗ ಆರ್ ಸ್ಕ್ವೇರ್ ಮಿತಿ 0.2 ಇಡುತ್ತೇನೆ. ಡಿ ಪ್ರೈಮ್ ಬರೆಯಬೇಕಾದಾಗ ನಾಲ್ಕೂ ಜೋಡಿಗಳ ಎಣಿಕೆಯನ್ನು ಪಕ್ಕದಲ್ಲೇ ಬರೆಯುತ್ತೇನೆ.