ಸ್ವಿಚ್ 2 ಬೇಕಾ, ಸ್ವಿಚ್ ಓಎಲ್ಇಡಿ ಸಾಕಾ?

ಕೈಯಲ್ಲೂ ಟಿವಿಯಲ್ಲೂ ಆಡಬಹುದಾದ ಗೇಮ್ ಕನ್ಸೋಲ್ ನಿಂಟೆಂಡೊ ಸ್ವಿಚ್ 2 ಮಾರುಕಟ್ಟೆಗೆ ಬಂದದ್ದು 2025ರ ಜೂನ್ 5ರಂದು. ಓಎಲ್ಇಡಿ ಸ್ವಿಚ್‌ನದು 7 ಇಂಚಿನ 720ಪಿ ಪರದೆ. ಹೊಸದರದ್ದು 7.9 ಇಂಚು, 1080ಪಿ, 120 ಹರ್ಟ್ಸ್. ಆದರೆ ಇದು ಎಲ್‌ಸಿಡಿ ಪರದೆ, ಓಎಲ್ಇಡಿ ಅಲ್ಲ. ಕತ್ತಲೆಯ ದೃಶ್ಯಗಳಲ್ಲಿ ಅಚ್ಚ ಕಪ್ಪು ಬೇಕೆಂದರೆ ಹಳೆಯದೇ ಚಂದ, ಇದರಲ್ಲಿ ಎರಡು ಮಾತಿಲ್ಲ.

ಟಿವಿಗೆ ಜೋಡಿಸಿದರೆ ಹೊಸದು 4ಕೆ ತನಕ ಹೋಗುತ್ತದೆ, ಹಳೆಯದು 1080ಪಿಗೇ ನಿಲ್ಲುತ್ತದೆ. ಜಾಯ್‌ಕಾನ್‌ಗಳು (ಎರಡು ಬದಿಯ ಕಂಟ್ರೋಲರ್‌ಗಳು) ಈಗ ಅಯಸ್ಕಾಂತದಿಂದ ಟಕ್ ಎಂದು ಕೂರುತ್ತವೆ. ಸ್ಟೋರೇಜ್ 64 ಜಿಬಿಯಿಂದ 256ಕ್ಕೆ ಏರಿದೆ. ಅದೂ ಸಾಲದಿದ್ದರೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೆಚ್ಚು ವೇಗದ ಮೆಮೊರಿ ಕಾರ್ಡೇ ಬೇಕು. ಹಳೆಯ ಮೈಕ್ರೊಎಸ್‌ಡಿ ಕಾರ್ಡಿನಲ್ಲಿ ಇದರ ಆಟ ಇಡಲಾಗದು.

ಬ್ಯಾಟರಿ? ಕಂಪನಿಯ ಲೆಕ್ಕದಲ್ಲೇ ಹೊಸದಕ್ಕೆ 2ರಿಂದ 6.5 ಗಂಟೆ. ಓಎಲ್ಇಡಿಗೆ 4.5ರಿಂದ 9. ರೈಲು, ಬಸ್ಸಿನಲ್ಲೇ ಜಾಸ್ತಿ ಆಡುವವರು ಹಳೆಯದನ್ನೇ ಇಟ್ಟುಕೊಳ್ಳಿ. ಟಿವಿ ಮುಂದೆ ಆಡುವವರು ಧೈರ್ಯವಾಗಿ ಹೊಸದನ್ನು ತಗೊಳ್ಳಿ. ಹಳೆಯ ಆಟಗಳೂ ಬಹುತೇಕ ಅದರಲ್ಲಿ ನಡೆಯುತ್ತವೆ.