ಬಂಕರ್ ರಸೀದಿಗೆ ಸಹಿ ಹಾಕುವ ಮುನ್ನ ಆ ಹದಿನಾಲ್ಕು ದಿನಗಳ ಷರತ್ತನ್ನು ಓದಿ

ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವವರಿಗಾಗಿ, ದಡದ ಕಚೇರಿಯಲ್ಲಿ ಕುಳಿತು ಹಡಗಿಗೆ ಬಂಕರ್, ಅಂದರೆ ಇಂಧನ ಖರೀದಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2023ರಲ್ಲಿ ನಾನು ಚೀಫ್ ಎಂಜಿನಿಯರ್ ಆಗಿದ್ದ ಸರಕು ಹಡಗಿಗೆ ಕೊಲ್ಲಿಯ ಕಡೆಯ ಒಂದು ಲಂಗರುದಾಣದಲ್ಲಿ 600 ಟನ್ ಕಡಿಮೆ ಗಂಧಕದ ಇಂಧನ ತುಂಬಿಸಿಕೊಂಡೆವು. ಇಂಧನ ಕೆಟ್ಟದ್ದಾಗಿತ್ತು. ಅದನ್ನು ಪರೀಕ್ಷೆಯ ವರದಿಯೊಂದಿಗೆ ತೋರಿಸಿದರೂ ಸರಬರಾಜುದಾರರಿಂದ ಒಂದು ಡಾಲರ್ ಕೂಡ ಬರಲಿಲ್ಲ. ಅದಕ್ಕೆ ಕಾರಣ ಇಂಧನದ ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಯಾರೂ ಓದದೆ ಬಿಟ್ಟಿದ್ದ ಮಾರಾಟದ ಷರತ್ತುಗಳು.

ಇಂಧನ ಹೊತ್ತ ಬಾರ್ಜ್ ಬಂದದ್ದು ರಾತ್ರಿ ಎರಡು ಗಂಟೆಗೆ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ಮಾರ್ಗಸೂಚಿಯ ಪ್ರಕಾರ ಮಾದರಿಯನ್ನು ಇಂಧನ ಪಡೆಯುವ ಹಡಗಿನಲ್ಲಿ ಕೊಳವೆ ಜೋಡಿಸುವ ಜಾಗವಾದ ಮ್ಯಾನಿಫೋಲ್ಡ್‌ನಲ್ಲಿ, ತುಂಬುವ ಅವಧಿಯುದ್ದಕ್ಕೂ ಹನಿಹನಿಯಾಗಿ ಸಂಗ್ರಹಿಸಬೇಕು. ನಾವೂ ಹಾಗೆಯೇ ನಮ್ಮ ಕಡೆ ಡ್ರಿಪ್ ಸ್ಯಾಂಪಲ್ ಹಿಡಿದೆವು. ಆದರೆ ಬಾರ್ಜಿನವರು ತಮ್ಮ ಡೆಕ್ಕಿನಲ್ಲಿ ಬೇರೆಯಾಗಿ ಹಿಡಿದ ನಾಲ್ಕು ಬಾಟಲಿಗಳಿಗೆ ಸೀಲ್ ಹಾಕಿ, ಆ ಸೀಲುಗಳ ಸಂಖ್ಯೆಯನ್ನಷ್ಟೇ ಇಂಧನ ವಿತರಣಾ ರಸೀದಿಯಲ್ಲಿ ಬರೆದುಕೊಂಡು ಬಂದರು. ‘ಮಾದರಿ ಸಂಗ್ರಹಣೆಯನ್ನು ಕಣ್ಣಾರೆ ಕಂಡಿದ್ದೇವೆ’ ಎಂಬ ಅಚ್ಚು ವಾಕ್ಯದ ಕೆಳಗೆ ನಮ್ಮ ಸೆಕೆಂಡ್ ಎಂಜಿನಿಯರ್ ನಿದ್ದೆಗಣ್ಣಿನಲ್ಲಿ ಸಹಿ ಹಾಕಿದರು, ಅದರ ಪಕ್ಕದಲ್ಲಿ ನಾನೂ ಹಡಗಿನ ಮೊಹರು ಒತ್ತಿದೆ. ಅವರನ್ನು ದೂರುವ ಹಕ್ಕು ನನಗಿಲ್ಲ, ಓದಬೇಕಾದವನು ನಾನಾಗಿದ್ದೆ.

ಎರಡನೆಯ ತಪ್ಪು ಅವಸರದ್ದು. ಲಂಗರುದಾಣ ಬಿಡುವ ಗಡಿಬಿಡಿಯಲ್ಲಿ ನಮ್ಮ ಮಾದರಿಯನ್ನು ಅಲ್ಲಿನ ಏಜೆಂಟರ ಕೈಗೆ ಕೊಡದೆ ಹಡಗಿನಲ್ಲೇ ಇಟ್ಟುಕೊಂಡೆವು. ಮುಂದಿನ ಬಂದರು ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ. ಅಲ್ಲಿ ತಲುಪಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದು ಹನ್ನೆರಡನೆಯ ದಿನ. ಟ್ಯಾಂಕಿನಲ್ಲಿ ಹಳೆಯ ಇಂಧನ ಇಪ್ಪತ್ತು ದಿನಕ್ಕೆ ಸಾಕಾಗುವಷ್ಟಿದ್ದುದರಿಂದ ಹೊಸದನ್ನು ಮುಟ್ಟುವ ಅಗತ್ಯ ಬಿದ್ದಿರಲಿಲ್ಲ, ಹಾಗಾಗಿ ಯಾರಿಗೂ ಆತಂಕವಿರಲಿಲ್ಲ. ಕಲ್ಲಿದ್ದಲು ತುಂಬಿಕೊಂಡು ಹೊರಟ ಮೇಲೆ, ಹದಿನಾರನೆಯ ದಿನ, ಪ್ರಯೋಗಾಲಯದ ವರದಿ ಬಂತು. ಗಂಧಕ ಶೇ. 0.47, ಅಂದರೆ 2020ರಿಂದ ಜಾರಿಯಲ್ಲಿರುವ ಶೇ. 0.50ರ ಮಿತಿಯೊಳಗೇ ಇತ್ತು. ನೀರು ಸರಿ, ಎಂಜಿನನ್ನು ಸವೆಸುವ ಅಲ್ಯೂಮಿನಿಯಂ-ಸಿಲಿಕಾನ್ ಕಣಗಳೂ ಸರಿ. ಆದರೆ ಗಸಿಯ ಪ್ರಮಾಣ ಮಾತ್ರ ಶೇ. 0.21, ಹಡಗು ಇಂಧನದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8217 ಒಪ್ಪುವುದು ಶೇ. 0.10ನ್ನು. ಬೇರೆ ಬೇರೆ ಎಣ್ಣೆಗಳನ್ನು ಬೆರೆಸಿ ಗಂಧಕ ತಗ್ಗಿಸಿದಾಗ ಅವು ಒಂದಕ್ಕೊಂದು ಹೊಂದದೆ ಹೋದರೆ, ಅವುಗಳಲ್ಲಿರುವ ಆಸ್ಫಾಲ್ಟೀನು ಎಂಬ ಡಾಂಬರಿನಂಥ ಭಾರದ ಅಂಶ ಬೇರ್ಪಟ್ಟು ಕೆಸರಾಗಿ ತಳಕ್ಕಿಳಿಯುತ್ತದೆ.

ನಮ್ಮ ಹಡಗು ಟೈಮ್ ಚಾರ್ಟರಿನಲ್ಲಿತ್ತು, ಅಂದರೆ ಇಂಧನ ಖರೀದಿಸಿದವರು ಹಡಗನ್ನು ಬಾಡಿಗೆಗೆ ಪಡೆದವರು (ಚಾರ್ಟರರ್), ಅದನ್ನು ಉರಿಸಬೇಕಾದವರು ನಾವು. ವರದಿ ಕಳಿಸಿದಾಗ ಅವರಿಂದ ಬಂದ ಉತ್ತರ ಇಷ್ಟೇ: ಎಚ್ಚರಿಕೆಯಿಂದ ಬಳಸಿ, ಇಂಧನ ಶುದ್ಧಿ ಮಾಡುವ ಪ್ಯೂರಿಫೈಯರನ್ನು ನಿಧಾನಗತಿಯಲ್ಲಿ ಓಡಿಸಿ. ಮಾಲೀಕರ ಕಚೇರಿ ಒಪ್ಪಿತು, ಬೇರೆ ಇಂಧನವೂ ಇರಲಿಲ್ಲವಾದ್ದರಿಂದ ನಾನೂ ಒಪ್ಪಿದೆ. ಮಡಗಾಸ್ಕರಿನ ಪೂರ್ವಕ್ಕೆ, ಇಪ್ಪತ್ತೊಂದನೆಯ ದಿನ, ಪ್ಯೂರಿಫೈಯರಿನ ಬೌಲ್ ಬಿಚ್ಚಿದರೆ ಒಳಗೆ ಡಾಂಬರಿನಂಥ ಕಪ್ಪು ಮುದ್ದೆ. ಫಿಲ್ಟರುಗಳನ್ನು ಗಂಟೆಗೊಮ್ಮೆ ತೊಳೆಯುವಂತಾಯಿತು, ಸಂಜೆಯ ಹೊತ್ತಿಗೆ ಜನರೇಟರುಗಳ ಇಂಧನ ಪಂಪುಗಳು ಕಚ್ಚಿಕೊಂಡು ಮೂವತ್ತೈದು ನಿಮಿಷ ಹಡಗು ಕತ್ತಲಲ್ಲಿ ತೇಲಿತು. ಸುತ್ತ ಬೇರೆ ಹಡಗುಗಳಿಲ್ಲದ ತೆರೆದ ಸಮುದ್ರ ಅದು. ಇದೇ ಯಾವುದಾದರೂ ಜಲಸಂಧಿಯಲ್ಲಿ ಆಗಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಯೋಚಿಸಲು ಇಷ್ಟಪಡುವುದಿಲ್ಲ.

ಚಾರ್ಟರರ್ ಸರಬರಾಜುದಾರರಿಗೆ ದೂರು ಕೊಟ್ಟದ್ದು ಆ ನಂತರ. ಉತ್ತರ ಒಂದೇ ದಿನದಲ್ಲಿ ಬಂತು, ಅದೂ ಬಲು ವಿನಯದಿಂದ. ಖರೀದಿ ದೃಢೀಕರಣದ ಮಿಂಚಂಚೆಯ ಕೊನೆಯಲ್ಲಿ ‘ನಮ್ಮ ಸಾಮಾನ್ಯ ಷರತ್ತುಗಳು ಅನ್ವಯಿಸುತ್ತವೆ’ ಎಂಬ ಒಂದು ಸಾಲಿತ್ತು. ಆ ಷರತ್ತುಗಳ ಪ್ರಕಾರ ಗುಣಮಟ್ಟದ ದೂರನ್ನು ವಿತರಣೆಯ ದಿನದಿಂದ ಹದಿನಾಲ್ಕು ದಿನಗಳೊಳಗೆ ಲಿಖಿತವಾಗಿ ಕೊಡಬೇಕು, ಇಲ್ಲವಾದರೆ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಗಡುವು ಎಣಿಸುವುದು ಇಂಧನ ಉರಿಸಿದ ದಿನದಿಂದಲೂ ಅಲ್ಲ, ದೋಷ ಗೊತ್ತಾದ ದಿನದಿಂದಲೂ ಅಲ್ಲ. ಮೇಲಾಗಿ, ವಿವಾದ ಬಂದರೆ ಅಂತಿಮವಾಗಿ ಲೆಕ್ಕಕ್ಕೆ ಬರುವುದು ಸರಬರಾಜುದಾರರು ಇಟ್ಟುಕೊಂಡ ಮಾದರಿಯ ಫಲಿತಾಂಶ. ಆ ಮಾದರಿಯಲ್ಲಿ ಗಸಿ ಶೇ. 0.04 ಎಂದು ಬಂತು. ನಮ್ಮ ಬಾಟಲಿಯ ಸೀಲ್ ಸಂಖ್ಯೆ ರಸೀದಿಯಲ್ಲಿ ಇರಲೇ ಇಲ್ಲವಲ್ಲ, ಅದನ್ನು ಅವರು ಪರಿಗಣಿಸಲೂ ಇಲ್ಲ.

ಹಡಗು ಉದ್ಯಮದ ಅಂತರರಾಷ್ಟ್ರೀಯ ಸಂಘಟನೆ ಬಿಮ್ಕೊದ 2018ರ ಬಂಕರ್ ಷರತ್ತುಗಳಲ್ಲಿ ಗುಣಮಟ್ಟದ ದೂರಿಗೆ ಮೂವತ್ತು ದಿನಗಳಿವೆ. ಆ ಒಪ್ಪಂದದ ಮೇಲೆ ಖರೀದಿಸಿದ್ದರೆ ನಮ್ಮ ದೂರು ಸಮಯದೊಳಗೇ ಇರುತ್ತಿತ್ತು. ಖರೀದಿಸುವವರು ಬೆಲೆಯಲ್ಲಿ ಟನ್ನಿಗೆ ಎರಡು ಡಾಲರ್ ಉಳಿಸಲು ಹತ್ತು ಸಲ ಚೌಕಾಸಿ ಮಾಡುತ್ತಾರೆ, ಯಾವ ಷರತ್ತು ಅನ್ವಯಿಸುತ್ತದೆಂದು ಒಂದು ಸಲವೂ ಕೇಳುವುದಿಲ್ಲ. ಐಎಸ್‌ಒ 8217ರ ಯಾವ ಆವೃತ್ತಿ ಎಂಬುದನ್ನೂ ನೋಡಿಕೊಳ್ಳಿ: 2005ರ ಆವೃತ್ತಿ ಅಲ್ಯೂಮಿನಿಯಂ-ಸಿಲಿಕಾನ್ ಕಣಗಳನ್ನು ಕಿಲೋಗೆ 80 ಮಿಲಿಗ್ರಾಂವರೆಗೆ ಬಿಡುತ್ತಿತ್ತು, 2010ರಲ್ಲಿ ಅದು 60ಕ್ಕೆ ಇಳಿಯಿತು. ಹಳೆಯ ಆವೃತ್ತಿಯ ಹೆಸರಿನಲ್ಲಿ ಕೊಂಡರೆ ಹಳೆಯ ಮಿತಿಯೇ ನಿಮ್ಮ ಪಾಲಿಗೆ.

ಮಾನಕದ ಕೋಷ್ಟಕದಲ್ಲಿರುವ ಪರೀಕ್ಷೆಗಳೆಲ್ಲ ಸರಿ ಬಂದರೂ ನಿಶ್ಚಿಂತೆಯಿಲ್ಲ. 2022ರಲ್ಲಿ ಸಿಂಗಪುರದಲ್ಲಿ ಕ್ಲೋರಿನ್‌ಯುಕ್ತ ಸಾವಯವ ಸಂಯುಕ್ತಗಳು ಬೆರೆತ ಇಂಧನ ಸುಮಾರು 200 ಹಡಗುಗಳಿಗೆ ಹೋಗಿ, ಸುಮಾರು 80 ಹಡಗುಗಳಲ್ಲಿ ಪಂಪು-ಎಂಜಿನುಗಳ ತೊಂದರೆ ಕಾಣಿಸಿತು. ಮಾಮೂಲಿ ಪರೀಕ್ಷೆಗಳಿಗೆ ಅವು ಸಿಕ್ಕುವುದಿಲ್ಲ, ವಿಶೇಷ ವಿಶ್ಲೇಷಣೆಯೇ ಬೇಕು. ಅದಕ್ಕೂ ಹದಿನಾಲ್ಕು ದಿನಗಳಲ್ಲಿ ಸಮಯ ಸಾಲಬೇಕು.

ಈಗ ನಾನು ಮಾದರಿಯನ್ನು ಇಂಧನ ಪಡೆದ ಬಂದರಿನಲ್ಲೇ ಏಜೆಂಟರಿಗೆ ಒಪ್ಪಿಸುತ್ತೇನೆ, ವರದಿ ಬರುವವರೆಗೆ ಹೊಸ ಟ್ಯಾಂಕನ್ನು ತೆರೆಯುವುದಿಲ್ಲ. ನಮ್ಮ ಸೀಲ್ ಸಂಖ್ಯೆ ರಸೀದಿಯಲ್ಲಿ ಸೇರುವವರೆಗೆ ಸಹಿ ಹಾಕುವುದಿಲ್ಲ. ಬಾರ್ಜಿನವರು ಒಪ್ಪದಿದ್ದರೆ ಅಲ್ಲೇ ಲೆಟರ್ ಆಫ್ ಪ್ರೊಟೆಸ್ಟ್ (ಲಿಖಿತ ಆಕ್ಷೇಪ) ಬರೆದು ಕೈಗಿಡುತ್ತೇನೆ. ದೂರಿನ ಗಡುವು ಎಷ್ಟು ದಿನ ಎಂದು ಬಂಕರಿಗೆ ಮೊದಲೇ ಚಾರ್ಟರರಿಗೆ ಬರೆದು ಕೇಳುತ್ತೇನೆ. ಕಳೆದ ಬಾರಿ ಬಂದ ಉತ್ತರ: ಏಳು ದಿನ.